ಶರಣಪ್ಪನವರ ಸುದ್ದಿ

ಅಷ್ಟೊಂದು ಮೇಲ್‌ಗಳು ತನ್ನ ಹೆಸರಿಗೆ ಬಂದಿರುವುದನ್ನು ಕಂಡು ಸಿದ್ಧಲಿಂಗೇಶನಿಗೆ ಮೊದಲು ಖುಷಿಯೇ ಆಯಿತು. ಅರೆಗಳಿಗೆಯ ಖುಷಿ. ಆದರೆ ಆ ದಿನವೆಲ್ಲ ಅವನಿಗೆ ಹೆಚ್ಚು ನಾಚಿಕೆ ತಂದದ್ದು ಅದೇ. ಇಂದಿರಾನಗರದ ನೂರಡಿ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯಲ್ಲಿ, ಯಾರೋ ಇಷ್ಟಪಟ್ಟು ಕಟ್ಟಿಸಿ, ಬಾಳಿ, ಬಿಟ್ಟುಹೋದ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಮಾಡಿದ ಆಫೀಸು ಅವನದು. ಅಡಿಗೆಮನೆಗೆ ಅಂಟಿಕೊಂಡ ಉಗ್ರಾಣದಲ್ಲಿ ಈಗ ಸರ್ವರುಗಳು ಗುಂಯ್‌ಗುಡುತ್ತಿದ್ದವು. ಅವುಗಳನ್ನು ಇಟ್ಟಿದ್ದ ಕಡಪ ಕಲ್ಲಿನ ಹಲಗೆಗಳ ಮೇಲೆ ಉಪ್ಪಿನಕಾಯಿ ಭರಣಿಗಳ ದುಂಡನೆಯ ಕಲೆಗಳು ಎಷ್ಟು ಒರೆಸಿದರೂ ಹೋಗಿರಲಿಲ್ಲ. ಆ ಕೋಣೆಯ ಯಜಮಾನ ಅವನೇ. ಏನಾದರೂ ಕೆಟ್ಟಾಗ ಮಾತ್ರ ಅವನಿಗೆ ಮೇಲ್ ಬರುತ್ತಿತ್ತು: ಡಿಸ್ಕ್ ತುಂಬಿದೆ, ಪಾಸ್‌ವರ್ಡ್ ಮರೆತಿದೆ, ನಿನ್ನೆಯಿಂದ ಪ್ರಿಂಟರು ಮುನಿಸಿಕೊಂಡಿದೆ. ಸಿದ್ಧಲಿಂಗೇಶ ಎಂಬ ಮನುಷ್ಯನಿಗೆಂದು ಯಾರೂ ಬರೆಯುತ್ತಿರಲಿಲ್ಲ. ಹೀಗಿರುವಾಗ ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬ್ಯಾಗು ಇನ್ನೂ ಹೆಗಲಲ್ಲೇ ಇರುವಾಗ ಪರದೆಯ ಮೇಲೆ ಸಾಲುಸಾಲಾಗಿ ತನ್ನ ಹೆಸರು ಕಂಡದ್ದೇ, ಯಾರೋ ತನ್ನನ್ನು ನೆನೆಸಿಕೊಂಡಿದ್ದಾರೆ ಎಂದು ಎದೆ ಹಗುರಾಯಿತು. ಆಮೇಲೆ ಕಳಿಸಿದವರು ಯಾರೆಂದು ನೋಡಿದ. ಎಲ್ಲವನ್ನೂ ಕಳಿಸಿದ್ದು ಅವನೇ ಬರೆದ ಪ್ರೋಗ್ರಾಂ. ಮುಟ್ಟಿಸಲಾಗಲಿಲ್ಲ, ಇನ್ನು ಪ್ರಯತ್ನಿಸುವುದಿಲ್ಲ ಎಂದು ಒಂದೊಂದೂ ಒಂದೇ ಮಾತು ಹೇಳುತ್ತಿತ್ತು. ಅದರ ಕೆಳಗೆ, ಇಂಗ್ಲಿಷ್ ಅಕ್ಷರಗಳಲ್ಲಿ ಅವನೇ ಕೂಡಿಸಿ ಬರೆದ ಕನ್ನಡ ಹಾಗೆಯೇ ಹಿಂದಿರುಗಿ ಬಂದಿತ್ತು: ನಮ್ಮ ಸಮಾಜದ ಹಿರಿಯರಾದ ಶರಣಪ್ಪನವರು ಇಂದು ಬೆಳಗಿನ ಜಾವ ಲಿಂಗೈಕ್ಯರಾದರು. ಅಂತ್ಯಕ್ರಿಯೆ ಇಂದೇ ಸಂಜೆ.

ಆ ಇಂದು ಕಳೆದ ವಾರದ ಇಂದು. ಶರಣಪ್ಪನವರನ್ನು ಮಣ್ಣು ಮಾಡಿ ದಿನಗಳೇ ಆಗಿದ್ದವು. ಸಿದ್ಧಲಿಂಗೇಶ ಬ್ಯಾಗು ಇಳಿಸಿ ಕುರ್ಚಿಯಲ್ಲಿ ಕೂತ. ಶರಣಪ್ಪನವರು ವಿಮಾ ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಗುಲಬರ್ಗಾ ಕಡೆಯಿಂದ ಬಂದು ಊರಿನ ಈ ಪೂರ್ವದ ಅಂಚಿನಲ್ಲಿ ಚದುರಿಕೊಂಡಿದ್ದ ಲಿಂಗಾಯತ ಮನೆಗಳಿಗೆಲ್ಲ ಸಾವಿನ ಸುದ್ದಿ ಮುಟ್ಟಿಸುವುದನ್ನು ಯಾರೂ ಹೇಳದೆ ತಲೆಯ ಮೇಲೆ ಹೊತ್ತುಕೊಂಡವರು. ಅದಕ್ಕೊಂದು ಪದ್ಧತಿ ಮಾಡಿದ್ದರು. ಅವರು ಒಂದು ಮನೆಗೆ ಫೋನ್ ಮಾಡಬೇಕು, ಆ ಮನೆಯವರು ಮುಂದಿನ ಮನೆಗೆ, ಅವರು ಅದರ ಮುಂದಿನ ಮನೆಗೆ. ಪ್ರತಿಯೊಬ್ಬರಿಗೂ ಒಂದೇ ನಂಬರು ಗೊತ್ತಿದ್ದರೆ ಸಾಕು. ಆ ಮನೆಯವರು ಎತ್ತದಿದ್ದರೆ ಸ್ಕೂಟರು ಹತ್ತಿ ಹೋಗಿ ಬಾಗಿಲು ಬಡಿಯಬೇಕು. ಕೊಟ್ಟಕೊನೆಯವನು ರಾಮಮೂರ್ತಿ ನಗರದ ಒಂಟಿ ಕೋಣೆಯ ಸಿದ್ಧಲಿಂಗೇಶ. ಅವನ ಮುಂದೆ ಇನ್ನು ಯಾರೂ ಇಲ್ಲದ್ದರಿಂದ ಅವನು ತಿರುಗಿ ಶರಣಪ್ಪನವರಿಗೇ ಫೋನ್ ಮಾಡಿ 'ಮುಟ್ಟಿತ್ರಿ ಕಾಕಾರ' ಎನ್ನಬೇಕು. ಆಗ ಅವರು ಸತ್ತವರ ಮಾತು ಮುಗಿಯಿತೆನ್ನುವಂತೆ ಉಸಿರುಬಿಟ್ಟು, 'ಊಟ ಆತೇನಪಾ? ಏನ್ ಮಾಡ್ಕೊಂಡಿದ್ದಿ?' ಎಂದು ಕೇಳುತ್ತಿದ್ದರು. ಯಾರಾದರೂ ಸತ್ತ ದಿನ ಮಾತ್ರ ಅವನ ಊಟವನ್ನು ವಿಚಾರಿಸುವವರು ಇದ್ದರು. ಹಾಗೆಂದು ಅವನು ಸಾವುಗಳಿಗಾಗಿ ಕಾಯುತ್ತಿರಲಿಲ್ಲ. ಆದರೆ ಫೋನ್ ಬಂದಾಗ ಅವನಿಗೆ ಆಗುತ್ತಿದ್ದದ್ದು ದುಃಖವೊಂದೇ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಸುದ್ದಿಯ ಹಿಂದೆಯೇ ಕೆಲಸ ಬರುತ್ತಿತ್ತು. ತಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರು ಕಟ್ಟಿ ಮಂಟಪ ಮಾಡಿ, ಬಾಳೆಕಂಬ ನಿಲ್ಲಿಸಿ, ಅದರೊಳಗೆ ಕೂಡಿಸಿ, ಕೂಡಿಸಿದಂತೆಯೇ ಸಮಾಧಿಗೆ ಇಳಿಸಬೇಕು. ದೇಹ ಸೆಟೆದುಕೊಳ್ಳುವ ಮೊದಲೇ ಕಾಲು ಮಡಚಿ ಗೋಡೆಗೆ ಒರಗಿಸುವುದು ಎಲ್ಲರ ಕೈಗೂ ಬರುವ ಕೆಲಸವಲ್ಲ. ಮಂಡಿಯ ಹಿಂದೆ ಎಲ್ಲಿ ಕೈಹಾಕಬೇಕು, ಕುತ್ತಿಗೆ ವಾಲದಂತೆ ಬಟ್ಟೆಯನ್ನು ಹೇಗೆ ಸುತ್ತಬೇಕು ಎನ್ನುವುದನ್ನೆಲ್ಲ ಶರಣಪ್ಪನವರು ಯಾರ್ಯಾರೋ ಅಪರಿಚಿತರ ಪಡಸಾಲೆಗಳಲ್ಲಿ ಅವನಿಗೆ ಕಲಿಸಿಕೊಟ್ಟಿದ್ದರು. 'ನಿನ್ನ ಕೈ ಭಾಳ ಛಲೋ ಅದ ನೋಡು, ನೋವಾಗದಂಗ ಕೂಡಿಸ್ತಿ' ಎಂದಿದ್ದರು ಒಮ್ಮೆ. ಸತ್ತವರಿಗೆ ಎಂಥ ನೋವು ಎಂದು ಅವನು ನಕ್ಕಿದ್ದ. ಅವರು ನಕ್ಕಿರಲಿಲ್ಲ. ಅಂಥ ಮನೆಗಳಿಂದ ಇಬ್ಬರೂ ಒಟ್ಟಿಗೇ ಹೊರಬಿದ್ದು, ಸ್ನಾನಕ್ಕೆ ಮೊದಲು ಏನೂ ಮುಟ್ಟುವಂತಿಲ್ಲವಾದ್ದರಿಂದ ಹೋಟೆಲುಗಳ ಮುಂದೆ ತಲೆ ಬಗ್ಗಿಸಿ ನಡೆದು ಬಸ್ ಸ್ಟಾಪು ಸೇರುತ್ತಿದ್ದರು. ಈ ಊರಿನಲ್ಲಿ ಅವನಿಗೆ ಸ್ನೇಹ ಎಂದು ಹೇಳಿಕೊಳ್ಳಬಹುದಾದದ್ದು ಏನಾದರೂ ಇದ್ದರೆ ಅದು ಆ ನಡಿಗೆ.

ಅದನ್ನು ಅವನೇ ಕೈಯಾರೆ ಕಳೆದುಕೊಂಡ. ಹೋದ ವರ್ಷದ ಕೊನೆಗೆ ಸಮಾಜದ ಸಭೆ ಸೇರಿದಾಗ ಎಲ್ಲರಿಗೂ ಮೇಲ್ ಐಡಿ ಬಂದಿರುವ ಕಾಲದಲ್ಲಿ ಇನ್ನೂ ಈ ಫೋನಿನ ಸರಪಳಿ ಯಾಕೆ ಎಂದು ಎದ್ದು ನಿಂತು ಹೇಳಿದವನು ಅವನು. ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲರಿಗೂ ಒಂದೇ ಸಲಕ್ಕೆ ಮುಟ್ಟುತ್ತದೆ ಎಂದ. ಸಭೆ ಕಿವಿಗೊಟ್ಟಿತು. ಸಭೆಗಳಲ್ಲಿ ಅವನ ಮಾತಿಗೆ ಯಾರೂ ಕಿವಿಗೊಟ್ಟವರಲ್ಲ, ಆ ಸುಖಕ್ಕೆ ಅವನ ನಾಲಗೆ ಹರಿಯಿತು. 'ಕಾಕಾರ ಫೋನ್ ಬಂತಂದ್ರ ಎತ್ತಾಕ ಅಂಜಿಕಿ ಬರ್ತದರಿ. ಯಾರೋ ಹೋದ್ರು ಅಂತನs ಅರ್ಥ. ಇನ್ನ ಮ್ಯಾಲ ಯಮನ ಆಫೀಸಿಂದ ನೇರ ಮೇಲ್ ಬರ್ತದ, ನಡುವ ಗುಮಾಸ್ತರು ಬ್ಯಾಡ' ಎಂದುಬಿಟ್ಟ. ಸಭೆ ಗೊಳ್ಳೆಂದಿತು. ಶರಣಪ್ಪನವರೂ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಹೊರಗೆ ಚಪ್ಪಲಿ ಹುಡುಕುವಾಗ ಅವನ ಭುಜ ಮುಟ್ಟಿ 'ಛಲೋ ಆತು, ನನ್ನದೂ ಒಂದು ಕೆಲಸ ಕಡಿಮಿ ಆತು' ಎಂದರು. ಅದರಲ್ಲಿ ಮೊನಚಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅಂದಿನಿಂದ ಇಬ್ಬರೂ ಫೋನಿನಲ್ಲಿ ಮಾತಾಡಿರಲಿಲ್ಲ. ಮಾತಾಡಲು ಯಾರೂ ಸತ್ತೂ ಇರಲಿಲ್ಲ. ಮೊದಲು ಸತ್ತವರು ಅವರೇ.

ಮೇಜಿನ ಮೇಲಿನ ಫೋನು ಹೊಡೆದುಕೊಂಡಾಗ ಅವನು ಬೆಚ್ಚಿದ. ಸಮಾಜದ ಕಾರ್ಯದರ್ಶಿ ರಾಜಶೇಖರ. ಯಾವುದೋ ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗದವರು, ಸಿಟ್ಟು ಬಂದಾಗ ಇನ್ನೂ ನಿಧಾನವಾಗಿ ಮಾತಾಡುವ ಮನುಷ್ಯ.

'ಶರಣಪ್ಪನವರು ಹೋಗ್ಯಾರ ಅಂತ ನಿನ್ನೆ ಸಂತಿಯೊಳಗ ನಮ್ಮ ಮನಿಯಾಕಿಗೆ ಯಾರೋ ಹೇಳ್ಯಾರ. ನಾ ಕಾರ್ಯದರ್ಶಿರೀ. ನನಗs ಗೊತ್ತಿಲ್ಲ. ನೀವು ಮೇಲ್ ಕಳಿಸ್ತೀನಿ ಅಂದಿದ್ರಲ್ಲ?'

'ಕಳಿಸೀನ್ರಿ. ಅವತ್ತs ಕಳಿಸೀನಿ.'

'ಎಲ್ಲಿಗೆ ಕಳಿಸಿದ್ರಿ? ನನಗಿಲ್ಲ, ಕ್ರಿಯಾ ಮಾಡಸೋ ಅಯ್ಯನವರಿಗಿಲ್ಲ. ಅಯ್ಯನವರ ಮಗನ ಆಫೀಸಿನ ಐಡಿ ಕೊಟ್ಟಿದ್ರಲ್ಲ, ಅವನಿಗೂ ಬಂದಿಲ್ಲಂತ. ಅಯ್ಯನವರಿಲ್ಲದs ಮಣ್ಣ ಮಾಡ್ಯಾರ. ಇನ್ನೊಂದು ಹೇಳ್ಲೇನು? ಮಲಗಿಸ್ಕೊಂಡು ಹೋಗ್ಯಾರಂತ. ಚಟ್ಟ ಕಟ್ಟಿ, ತಮಟಿ ಬಡಕೊಂತ. ಆ ಮನಿ ಮಾಲೀಕ, ಆಟೋದವರು, ಯಾರೋ ಗ್ಯಾರೇಜಿನ ಮುನೀರ್ ಅನ್ನಾಂವ, ಅವರs ಹೆಗಲು ಕೊಟ್ಟಾರ. ನಮ್ಮವರು ಒಬ್ಬರೂ ಇಲ್ಲ. ಅವರ ಹೆಂಡತಿ ಸಂಗಮ್ಮನವರು ಏನ್ ತಿಳ್ಕೊಂಡಿರಬೇಕು ಹೇಳ್ರಿ. ಸಮಾಜ ಕೈಬಿಟ್ತು ಅಂತ ತಿಳ್ಕೊಂಡಿರ್ತಾರ. ನಮ್ಮ ಯಜಮಾನರಿಗೆ ಇಷ್ಟs ಬೆಲೆ ಇತ್ತು ಅಂತ ತಿಳ್ಕೊಂಡಿರ್ತಾರ.'

ನೀವು ಹೋಗಿದ್ದಿರೋ ಎಂದು ರಾಜಶೇಖರ ಕೇಳಲಿಲ್ಲ. ಸಿದ್ಧಲಿಂಗೇಶ ಹೋಗಿರದೆ ಇರುವುದು ಅವರ ಕಲ್ಪನೆಗೇ ಬಂದಂತಿರಲಿಲ್ಲ, ಅಥವಾ ಅವನು ಲೆಕ್ಕಕ್ಕೇ ಇರಲಿಲ್ಲ. 'ನೋಡ್ತೀನ್ರಿ, ಎಲ್ಲಿ ತಪ್ಪಾಗ್ಯದ ನೋಡ್ತೀನಿ' ಎಂದು ಫೋನಿಟ್ಟ. ಮಲಗಿಸಿಕೊಂಡು ಎಂಬ ಮಾತು ಕಿವಿಯಲ್ಲೇ ಕೂತಿತ್ತು. ಅಷ್ಟು ಜನರನ್ನು ನೋವಾಗದಂತೆ ಕೂಡಿಸಿದ ಮನುಷ್ಯ. ಅವರ ಮೋರೆ ಆಕಾಶಕ್ಕೆ ತೆರೆದುಕೊಂಡು ದೊಮ್ಮಲೂರಿನ ರಸ್ತೆಯಲ್ಲಿ ಸಾಗಿದ್ದನ್ನು ಅವನು ಕಂಡಿರಲಿಲ್ಲ, ಆದರೂ ಈಗ ಕಾಣುತ್ತಿತ್ತು. ಕನ್ನಡಕ ಇತ್ತೋ ಇಲ್ಲವೋ.

ಅವತ್ತು ಬೆಳಿಗ್ಗೆ ಫೋನ್ ಮಾಡಿದವಳು ಅವರ ಮಗಳು ವೈಷ್ಣವಿ. 'ಸಿದ್ದಣ್ಣಾ, ಅಪ್ಪ ಏಳ್ಲಿಲ್ಲ' ಎಂದಿದ್ದಳು. ಅಷ್ಟೇ ಹೇಳಿ ಅಳುವುದಕ್ಕೂ ಆಗದೆ ನಿಂತಳು. 'ನೀ ಚಿಂತಿ ಮಾಡಬ್ಯಾಡ, ನಾ ಎಲ್ಲಾರಿಗೂ ತಿಳಸ್ತೀನಿ' ಎಂದು ಇವನು ದೊಡ್ಡ ಧೈರ್ಯದ ದನಿಯಲ್ಲಿ ಹೇಳಿದ. ಈ ಕೆಲಸಕ್ಕೆಂದೇ ತಾನೇ ಕೂತು ಬರೆದಿದ್ದ ಪ್ರೋಗ್ರಾಂ ಮೊದಲ ಸಲ ನಿಜವಾಗಿ ಓಡುವ ದಿನ ಅದು. ಒಂದೊಂದು ಸಾಲನ್ನೂ ಚೆನ್ನಾಗಿ ಮುರಿದು ಸುದ್ದಿ ಬರೆದ, ಗುಂಡಿ ಒತ್ತಿದ. ಮೊದಲ ಹೆಸರುಗಳು ಸರಸರ ಹೋದವು. ನಡುನಡುವೆ ಕೆಲವು ನಿಂತವು. ಆ ಕಡೆಯ ಸರ್ವರುಗಳು ಈಗ ಆಗುವುದಿಲ್ಲ, ಆಮೇಲೆ ನೋಡು ಎನ್ನುತ್ತಿದ್ದವು. ಹಾಗೆ ಹೇಳಿದರೆ ಮತ್ತೆಮತ್ತೆ ಹೋಗಿ ಕೇಳುವಂತೆ ಅವನೇ ಪ್ರೋಗ್ರಾಮಿಗೆ ಕಲಿಸಿದ್ದ. ಹಳ್ಳಿಯ ಬಾಗಿಲುಗಳ ಮೇಲೆ ದೆವ್ವಕ್ಕೆಂದು ಬರೆದಿಡುವ 'ನಾಳೆ ಬಾ' ಎಂಬುದನ್ನು ನಂಬಿಕೊಂಡು ದಿನಾ ಬರುವ ದೆವ್ವದ ಹಾಗೆ ಅದು ಹೋಗಿ ಹೋಗಿ ಬರುತ್ತಿತ್ತು. ಇವೆಲ್ಲ ಹೋಗಲಿ, ಆಮೇಲೆ ಹೊರಟರಾಯಿತು ಎಂದುಕೊಂಡ. ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ, ಅದು ಅವನಿಗೆ ದುಃಖದ ಗುರುತಿನಂತೆ ಕಂಡು ಸ್ವಲ್ಪ ಸಮಾಧಾನವಾಯಿತು. ಅವರ ಮನೆಯಿದ್ದ ಜೀವನ್ ಬಿಮಾ ನಗರ ಅಲ್ಲೇ ಪಕ್ಕದಲ್ಲಿತ್ತು, ನಡೆದೇ ಹೋಗಬಹುದಾದಷ್ಟು. ಹೋಗಿದ್ದರೆ ಆ ಕಾಲುಗಳನ್ನು ಅವನೇ ಮಡಚಬೇಕಿತ್ತು. ಆ ಮುಖಕ್ಕೆ ತನ್ನ ಮುಖ ಒಡ್ಡಿ, ಆ ಕುತ್ತಿಗೆಗೆ ಬಟ್ಟೆ ಸುತ್ತಬೇಕಿತ್ತು. ಕಣ್ಣು ಮುಚ್ಚಿಕೊಂಡ ಶರಣಪ್ಪನವರು ಅವನ ನಗೆಚಾಟಿಕೆಯನ್ನು ಇನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ ಎನಿಸಿತು. ಎಲ್ಲರೂ ಬಂದಿರುತ್ತಾರೆ, ಅಷ್ಟು ಜನರಲ್ಲಿ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ ಎಂದುಕೊಂಡು ಪರದೆಯ ಮುಂದೆ ಬಿಸಿಲು ಇಳಿಯುವವರೆಗೂ ಕೂತ. ಕೂತದ್ದಕ್ಕೆ ಕೆಲಸ ಎಂದು ಹೆಸರಿಟ್ಟ.

'ಏನೋ ಸಿದ್ದು, ಮುಖ ಹಿಂಗಿಟ್ಕೊಂಡಿದ್ದೀಯ? ಯಾವ್ದಾದ್ರೂ ಸರ್ವರ್ ಹೋಯ್ತಾ?' ಹಂಸ ಕಾಫಿ ಲೋಟ ಹಿಡಿದು ಉಗ್ರಾಣದ ಬಾಗಿಲಿಗೆ ಒರಗಿದ್ದಳು. ಪಕ್ಕದ ಕೋಣೆಯಲ್ಲಿ ಕೂತು ಇತರರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಹಲಸೂರಿನವಳು, ಮಾತು ಜೋರು. ಅವನು ಸತ್ತವರ ವಿಷಯ ಎತ್ತದೆ, ಕೆಲವು ಮೇಲ್‌ಗಳು ವಾಪಸ್ಸು ಬಂದಿವೆ ಎಂದಷ್ಟೇ ಹೇಳಿದ. ಅವಳು ಬಗ್ಗಿ ನೋಡಿದಳು. ಸುದ್ದಿಯನ್ನು ಓದಿದಳೋ ಇಲ್ಲವೋ ತಿಳಿಯಲಿಲ್ಲ.

'ಎಲ್ಲಾ ಹೋಗಿಲ್ವಾ, ಕೆಲವಾ?'

'ಕೆಲವು. ಯಾಹೂ ಗೀಹೂ ಎಲ್ಲಾ ಹೋಗಿದೆ. ಆಫೀಸ್ ಐಡಿಗಳು ಕೆಲವು ನಿಂತಿವೆ.'

'ಆ ಕಡೆ ಸರ್ವರ್ ಏನಂತಿದೆ? ಪೂರ್ತಿ ಓದಿದ್ಯಾ?'

ಓದಿರಲಿಲ್ಲ. ಆಗುವುದಿಲ್ಲ ಎಂಬಲ್ಲಿಗೆ ನಿಲ್ಲಿಸಿಬಿಟ್ಟಿದ್ದ. ಅವಳು ಬೆರಳಿಟ್ಟು ತೋರಿಸಿದ ಕಡೆ ಕಾರಣ ಅಷ್ಟು ದಿನದಿಂದ ಬರೆದೇ ಇತ್ತು. 'ಲೈನ್ ಎಂಡಿಂಗ್ ಕಣೋ. ನೀನು ಲಿನಕ್ಸ್‌ನಲ್ಲಿ ಬರ್ದಿದ್ದೀಯ, ಬರೀ ಒಂದೇ ಕ್ಯಾರೆಕ್ಟರ್ ಹಾಕಿದ್ದೀಯ ಸಾಲಿನ ಕೊನೇಲಿ. ಸ್ಟ್ರಿಕ್ಟ್ ಆಗಿರೋವ್ರು ಒಪ್ಪಲ್ಲ. ಎಲ್ರಿಗೂ ಆಗೋದೇ, ಬಿಡು' ಎಂದು ಅವನ ಬೆನ್ನಿಗೊಂದು ಗುದ್ದಿ ಹೊರಟುಹೋದಳು.

ಎಷ್ಟು ಸಣ್ಣದು. ಮೇಲ್ ಸಾಗುವ ನಿಯಮದ ಪ್ರಕಾರ ಒಂದೊಂದು ಸಾಲೂ ಎರಡು ಗುರುತುಗಳಿಂದ ಮುಗಿಯಬೇಕು. ಸಾಲಿನ ಮೊದಲಿಗೆ ಹಿಂತಿರುಗು ಎನ್ನುವುದು ಒಂದು, ಒಂದು ಸಾಲು ಕೆಳಗಿಳಿ ಎನ್ನುವುದು ಇನ್ನೊಂದು. ಟೈಪ್‌ರೈಟರಿನಲ್ಲಿ ಕೈಯಿಂದ ಹಿಡಿ ತಳ್ಳಿದಾಗ ಹಾಳೆ ಹೊತ್ತ ಗಾಡಿ ಹಿಂದಕ್ಕೂ ಹೋಗುತ್ತದೆ, ಹಾಳೆ ಮೇಲಕ್ಕೂ ಏರುತ್ತದೆ, ಅಲ್ಲಿಂದ ಬಂದ ಪದ್ಧತಿ. ಅವನ ಪ್ರೋಗ್ರಾಂ ಕೆಳಗಿಳಿಯುವ ಗುರುತೊಂದನ್ನೇ ಹಾಕುತ್ತಿತ್ತು. ಕಣ್ಣಿಗೆ ಎರಡೂ ಕಾಣುವಂಥವಲ್ಲ. ಹೆಚ್ಚಿನ ಸರ್ವರುಗಳು ಹೋಗಲಿ ಬಿಡು ಎಂದು ತಾವೇ ಸರಿಮಾಡಿಕೊಂಡು ತೆಗೆದುಕೊಂಡಿದ್ದವು. ಕೆಲವು ಮಾತ್ರ ಬಾಗಿಲು ತೆರೆದಿರಲಿಲ್ಲ. ಸಿದ್ಧಲಿಂಗೇಶ ಪ್ರೋಗ್ರಾಮಿನಲ್ಲಿ ಒಂದೇ ಒಂದು ಕಡೆ ತಿದ್ದಿ, ಪರೀಕ್ಷೆ ಎಂದು ಬರೆದು ರಾಜಶೇಖರರಿಗೆ ಕಳಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಫೋನ್ ಮಾಡಿದರೆ 'ಹಾಂ, ಬಂತು ಈಗ' ಎಂದರು ಅವರು. ಅವನಿಗೆ ಕುಣಿಯುವಷ್ಟು ಹಗುರವಾಯಿತು. ಸಮಾಜ ಕೈಬಿಟ್ಟಿರಲಿಲ್ಲ. ಯಾರೂ ಶರಣಪ್ಪನವರನ್ನು ತಿರಸ್ಕರಿಸಿರಲಿಲ್ಲ. ಒಂದು ಕಾಣದ ಗುರುತು ಇಷ್ಟೆಲ್ಲ ಮಾಡಿತು. ಇದನ್ನು ಈಗಲೇ ಹೋಗಿ ಸಂಗಮ್ಮನವರಿಗೆ ಹೇಳಬೇಕು, ಅವರ ಎದೆಯ ಕಲ್ಲು ಇಳಿಸಬೇಕು ಎಂದು ಎದ್ದು ನಿಂತವನು, ಸುಮ್ಮನೆ, ಖಚಿತಮಾಡಿಕೊಳ್ಳಲೆಂದು, ಅವತ್ತು ಹೋದವು ಯಾವುವು ಎಂದು ಇನ್ನೊಮ್ಮೆ ನೋಡಿದ. ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ಸಂಗಮ್ಮನವರ ಮನೆಯ ಹಿಂದಿನ ರಸ್ತೆಯವರಿಗೆ ಹೋಗಿತ್ತು. ಶರಣಪ್ಪನವರು ಯಾರ ತಾಯಿಯನ್ನು ಕೂಡಿಸಿದ್ದರೋ, ಯಾರ ಮಾವನ ಸಮಾಧಿಯಲ್ಲಿ ಇಳಿದು ನಿಂತಿದ್ದರೋ ಅವರಿಗೆ ಹೋಗಿತ್ತು. ಒಬ್ಬರಿಗೆ ಫೋನ್ ಮಾಡಿದ. 'ನೋಡ್ದೆ ಸಿದ್ದಲಿಂಗ, ಸಂಜಿಮುಂದ ನೋಡ್ದೆ. ಪಾಪ. ಹೆಂಗೂ ಭಾಳ ಮಂದಿ ಬಂದಿರ್ತಾರ ಅಂತ ನಾ ಹೋಗ್ಲಿಲ್ಲ ನೋಡು' ಎಂದರು ಆ ಕಡೆಯಿಂದ. ಇನ್ನೊಬ್ಬರಿಗೆ ಫೋನ್ ಮಾಡುವ ಧೈರ್ಯ ಅವನಿಗೆ ಬರಲಿಲ್ಲ. ಅವರು ಹೇಳಿದ್ದು ತನ್ನದೇ ಮಾತಾಗಿತ್ತು.

ಮಧ್ಯಾಹ್ನದ ಮೇಲೆ ಆಫೀಸಿನಿಂದ ಹೊರಬಿದ್ದ. ರಸ್ತೆಯುದ್ದಕ್ಕೂ ಮನೆಗಳು ಒಡೆದು ಅಂಗಡಿಗಳಾಗುತ್ತಿದ್ದವು. ಮರಳ ರಾಶಿಗಳನ್ನು ಬಳಸಿ, ಪಬ್ಬೊಂದರ ಇನ್ನೂ ಬಣ್ಣ ಹಚ್ಚದ ಗೋಡೆಯ ಪಕ್ಕದಲ್ಲಿ ನಡೆದ. ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸುತ್ತಿದ್ದ. ಮೇಲ್ ಯಾರಿಗೂ ಮುಟ್ಟಿಲ್ಲ. ಸುಳ್ಳು. ಸುಳ್ಳಾದರೂ ಆಕೆಗೆ ಬೇಕಾದದ್ದು ಅದೇ ಅಲ್ಲವೇ? ಎಲ್ಲರ ತಪ್ಪನ್ನೂ ತಾನೊಬ್ಬನೇ ಹೊರುತ್ತೇನೆ ಎಂಬ ಯೋಚನೆ ಬಂದಾಗ ತನ್ನ ಬಗ್ಗೆ ತನಗೇ ಮರುಕ ಹುಟ್ಟಿತು. ಹುಟ್ಟಿದ್ದು ತಿಳಿದು ಅಸಹ್ಯವೂ ಆಯಿತು. ಏರ್‌ಪೋರ್ಟಿಗೆ ಇಳಿಯುತ್ತಿದ್ದ ಜೆಟ್ಟೊಂದು ತಲೆಯ ಮೇಲೆಯೇ ಹಾದುಹೋಗಿ, ಆ ಸದ್ದಿಗೆ ಬೀದಿಯ ಮಾತುಗಳೆಲ್ಲ ನಿಂತು, ಮತ್ತೆ ಶುರುವಾದವು.

ಮನೆಯ ಗೇಟಿನ ಹತ್ತಿರ ಮಾಲೀಕ ದೊಡ್ಡಮುನಿಯಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಈ ಬಡಾವಣೆಯೆಲ್ಲ ರಾಗಿ ಹೊಲವಾಗಿದ್ದಾಗ ಅದರಲ್ಲಿ ಒಂದು ಭಾಗ ಅವರದಾಗಿತ್ತು. ಈಗ ಮೂರಂತಸ್ತಿನ ಮನೆ, ಅದರ ನೆರಳಲ್ಲಿ ಒಂದು ಹಸು. ಇವನ ಹಣೆಯ ವಿಭೂತಿ ನೋಡಿ ಅವರ ಕೈ ನಿಂತಿತು.

'ನೀವು ಇವ್ರ ಪೈಕಿನಾ ಸ್ವಾಮಿ?'

'ಹೌದು.'

'ಇವತ್ತು ಬಂದ್ರಾ? ಅವತ್ತು ಒಬ್ರೂ ಬರ್ಲಿಲ್ವಲ್ಲ ನಿಮ್ಮೋರು? ಊರಿಗೆಲ್ಲಾ ಆಗ್ತಿದ್ದ ಮನುಷ್ಯ ಅಂತಿದ್ರು.' ಬಯ್ಯುವ ದನಿಯಲ್ಲ, ತಿಳಿಯದೆ ಕೇಳುವ ದನಿ. 'ನಾವು ಕೂರ್ಸಕ್ಕೇ ನೋಡಿದ್ವಿ ಸ್ವಾಮಿ. ನಿಮ್ಮಲ್ಲಿ ಕೂರಿಸ್ತಾರೆ ಅಂತ ನಮಗೂ ಗೊತ್ತು. ಆದ್ರೆ ಆಯಮ್ಮ ಮುಟ್ಟಕ್ಕೆ ಬಿಡ್ಲಿಲ್ಲ. ತಡೀರಿ, ನಮ್ಮೋರು ಬರ್ತಾರೆ, ತಡೀರಿ ಅಂತಾನೇ ಇದ್ರು. ಹೊತ್ತು ಇಳಿದ್ಮೇಲೆ ನೋಡ್ತೀವಿ, ಕಟ್ಟಿಗೆ ಆಗೋಗಿತ್ತು ಮೈ. ಇನ್ನೇನ್ಮಾಡೋದು, ನಮ್ಮ ರೀತೀಲೇ ಕಟ್ಟಿದ್ವಿ. ಖಾಲಿ ಹೋಗ್ಬಾರ್ದು ಅಂತ ತಮಟೆ ಕರೆಸ್ದೆ. ಅದೂ ತಪ್ಪೇನೋ, ನಮ್ಗೇನ್ ಗೊತ್ತು.'

'ತಪ್ಪಿಲ್ಲ. ನೀವು ಇದ್ರಲ್ಲ' ಎಂದ ಸಿದ್ಧಲಿಂಗೇಶ. ಅವರು ಅವನ ಮಾತಿಗೆ ಕಾಯದೆ ಮತ್ತೆ ಹುಲ್ಲಿನ ಕಡೆಗೆ ತಿರುಗಿದ್ದರು.

ಮಹಡಿಯ ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ದೀಪದ ಮುಂದೆ ಶರಣಪ್ಪನವರ ಫೋಟೊ; ಯಾವುದೋ ಆಫೀಸಿನ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಅದರಲ್ಲಿ ಅವರು ಅವನಿಗಿಂತ ಚಿಕ್ಕವರಾಗಿದ್ದರು. ವೈಷ್ಣವಿ ಕೆಲಸಕ್ಕೆ ಹೋಗಿದ್ದಳು. ಸಂಗಮ್ಮ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವನನ್ನು ಕಂಡು ಏಳಲು ಹೋಗಿ, ಬೇಡವೆಂದು ಕೂತರು. 'ಬಾಪಾ ಸಿದ್ದಲಿಂಗ' ಎಂದರು. ಅಳಲಿಲ್ಲ. ಅತ್ತಿದ್ದರೆ ಅವನಿಗೂ ಅಳಲು ದಾರಿಯಾಗುತ್ತಿತ್ತು. ಅವನು ಗೋಡೆಯ ಪಕ್ಕ ಚಾಪೆಯ ತುದಿಗೆ ಕೂತ. ಕೂತ ಕೂಡಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಆಗುವುದಿಲ್ಲ.

'ಅವ್ವಾರ, ಮೇಲ್ ಯಾರಿಗೂ ಮುಟ್ಟಿಲ್ರಿ. ತಪ್ಪು ನಂದು. ನಾ ಬರದದ್ದರೊಳಗ ಒಂದು ತಪ್ಪಿತ್ತು, ಅದು ಹೋಗೇ ಇಲ್ಲ. ಇವತ್ತ ಗೊತ್ತಾತು. ಗೊತ್ತಾಗಿದ್ರ ಎಲ್ಲಾರೂ ಬರ್ತಿದ್ರು. ಅಯ್ಯನವರು, ರಾಜಶೇಖರ, ಎಲ್ಲಾರೂ. ಕಾಕಾರ ಅಂದ್ರ ಎಲ್ಲಾರಿಗೂ...'

'ಯಾರಿಗೂ ಮುಟ್ಟಿಲ್ಲೇನು?'

'ಯಾರಿಗೂ ಇಲ್ರಿ.'

ಸಂಗಮ್ಮ ಬೆರಳಿಗೆ ಅಂಟಿದ್ದ ಹುಣಸೆಯನ್ನು ತಟ್ಟೆಯ ಅಂಚಿಗೆ ಒರೆಸಿದರು. 'ಹಂಗಾದ್ರ ಪಾಪ, ಅವರದೇನದ ತಪ್ಪು' ಎಂದರು. ಇಷ್ಟು ಸುಲಭವಾಗಿ ಆಯಿತೇ ಎಂದು ಅವನು ತಲೆಯೆತ್ತಿದ. ಅವರು ಫೋಟೊದ ಕಡೆಗಾಗಲಿ ಅವನ ಕಡೆಗಾಗಲಿ ನೋಡದೆ ತಟ್ಟೆಯನ್ನೇ ನೋಡುತ್ತಿದ್ದರು.

'ನಾ ಅವರ ದಾರಿ ನೋಡಿರಲಿಲ್ಲಪಾ. ನಿನ್ನ ದಾರಿ ನೋಡಿದೆ. ವೈಷ್ಣವಿ ನಿನಗ ಫೋನ್ ಮಾಡೀನಿ ಅಂದಕೂಡ್ಲೆ ನನಗ ಧೈರ್ಯ ಬಂತು. ಇವರು ಹೇಳ್ತಿದ್ರಲ್ಲ, ನನ್ನ ಕೂಡ್ಸೋ ಮುಂದ ಬ್ಯಾರೇದವರ ಕೈಗೆ ಕೊಡಬ್ಯಾಡ್ರಿ, ಸಿದ್ದಲಿಂಗನ್ನ ಕರೀರಿ, ಅವ ನೋವಾಗದಂಗ ಕೂಡಸ್ತಾನ ಅಂತ. ಮುನಿಯಪ್ಪನೋರು ಬಂದ್ರು, ನಾವು ಕೂಡಸ್ತೀವಿ ಅಂದ್ರು. ಬ್ಯಾಡ್ರಿ, ಅವ ಬರ್ತಾನ, ಇಲ್ಲೇ ಇಂದಿರಾನಗರದಾಗ ಅದಾನ ಅಂದೆ. ಮ್ಯಾಲಿಂದ ಮ್ಯಾಲ ಕಿಡಕ್ಯಾಗ ನೋಡಿದೆ. ಇಳಿಹೊತ್ತಿನ ತನಕಾ ಮಲಗಿಸೇ ಇಟ್ಟೆ. ಆಮ್ಯಾಲ ಕಾಲು ಮಡಚಲಿಲ್ಲ.' ಅವರು ಇನ್ನೊಂದು ಬೀಜ ಬಿಡಿಸಿದರು. 'ನಾ ಹಂಗ ಕಾಯಬಾರದಿತ್ತು ಏನೋ. ರಾತ್ರಿ ಎಲ್ಲಾ ಅದs ಬರ್ತದ ತಲಿಯಾಗ. ನನ್ನಿಂದನs ಅವರು ಹಂಗ ಹೋದ್ರು ಅನಸ್ತದ.'

ಸಿದ್ಧಲಿಂಗೇಶ ಚಾಪೆಯ ತುದಿಯ ಎಳೆಯೊಂದನ್ನು ಕೀಳತೊಡಗಿದ.

'ಏನರ ದೊಡ್ಡ ಕೆಲಸ ಬಂದಿರ್ತದ ಅವನಿಗೆ ಅಂತ ವೈಷ್ಣವಿಗೆ ಅಂದೆ. ಆಕಿ ಸಿಟ್ಟಾಗಿದ್ಲು, ನಾನs ಸಮಾಧಾನ ಮಾಡ್ದೆ. ಬಿಟ್ಟು ಬರಾಕ ಆಗದಂಥಾದ್ದು ಇತ್ತಿಲ್ಲೋ?' ಸಂಗಮ್ಮ ಈಗ ಅವನನ್ನು ನೋಡಿದರು. ಹೌದು ಎನ್ನು, ಒಂದು ಸಲ ಹೌದು ಎಂದುಬಿಡು ಎಂದು ಆ ಕಣ್ಣುಗಳು ಬೇಡುತ್ತಿದ್ದವು. ಅವನು ಹೌದೆಂದರೆ ಇಬ್ಬರೂ ಬದುಕಿಕೊಳ್ಳಬಹುದಿತ್ತು. ಆದರೆ ಸಂಗಮ್ಮ ಕಾದದ್ದು ಸರಿ, ಬರಬೇಕಾದವನು ಬರಲಿಲ್ಲ ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು, ಅದನ್ನು ಹೇಳಬಲ್ಲವನು ಅವನೊಬ್ಬನೇ.

'ಇಲ್ರಿ ಅವ್ವಾರ' ಎಂದ. 'ಏನೂ ಕೆಲಸ ಇರಲಿಲ್ಲ. ಸುಮ್ಮನ ಕೂತಿದ್ದೆ. ನೀವು ಕಾದದ್ದು ತಪ್ಪಲ್ಲ.'

ಸಂಗಮ್ಮ ಬಹಳ ಹೊತ್ತು ಅವನ ಮುಖವನ್ನೇ ನೋಡಿದರು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದು ಒಳಗೆ ಹೋದರು. ನಲ್ಲಿಯ ನೀರು ಬಿದ್ದ ಸದ್ದು ಕೇಳಿಸಿತು, ನಿಂತಿತು. ಬಯ್ಯಲಿಕ್ಕಾದರೂ ಬರುತ್ತಾರೆಂದು ಸಿದ್ಧಲಿಂಗೇಶ ಗೋಡೆಗೆ ಒರಗಿ ಕಾಲು ಮಡಚಿಕೊಂಡು ಕಾದ. ಅವರು ಹೊರಗೆ ಬರಲಿಲ್ಲ.